ಮೈ ಚಾಚುವಷ್ಟು ಜಾಗ

ಒಬ್ಬ ಮನುಷ್ಯನಿಗೆ ಎಷ್ಟು ನೆಲ ಬೇಕು ಎಂಬುದಕ್ಕೆ ಟಾಲ್‌ಸ್ಟಾಯ್ 1886ರಲ್ಲೇ ಕಥೆ ಬರೆದು ಉತ್ತರ ಹೇಳಿಬಿಟ್ಟಿದ್ದಾನೆ. ಸೂರ್ಯ ಮುಳುಗುವುದರೊಳಗೆ ಸುತ್ತಿ ಬಂದಷ್ಟೂ ನೆಲ ನಿನ್ನದೇ ಎಂದಾಗ ಓಡಿ ಓಡಿ ಪ್ರಾಣ ಬಿಟ್ಟ ರೈತನಿಗೆ ಕೊನೆಗೆ ದಕ್ಕಿದ್ದು ಆರಡಿ. ಎಷ್ಟೋ ಜನ ಇದನ್ನು ಶಾಲೆಯಲ್ಲೇ ಓದಿದ್ದೇವೆ. ಅತಿಯಾಸೆ ಪಡಬಾರದು ಎಂದು ನೀತಿಯನ್ನೂ ಬರೆದುಕೊಂಡಿದ್ದೇವೆ. ಆದರೆ ಅದು ಗಂಡಸಿನ ಕಥೆ. ಬದುಕಿದ್ದಾಗಲೇ ಆರಡಿ ಸಿಗದೆ ಇದ್ದವರಿಗೆ ಅದರಲ್ಲಿ ನೀತಿ ಏನಿದೆಯೋ ನನಗಂತೂ ತಿಳಿಯದು.

ನಮ್ಮ ಅತ್ತೆಗೆ ಆ ದೊಡ್ಡ ಮನೆಯಲ್ಲಿ ಸ್ವಂತದ್ದೆಂದು ಇದ್ದದ್ದು ಒಂದು ತಗಡಿನ ಟ್ರಂಕು. ಹಗಲೆಲ್ಲ ಅಡಿಗೆಮನೆ ಅವರದೇ ಎಂದು ನಾವೆಲ್ಲ ಹೇಳುತ್ತಿದ್ದೆವು, ರಾತ್ರಿ ಮಾತ್ರ ಅವರು ಎಲ್ಲಿ ಮಲಗುತ್ತಾರೆ ಎಂಬುದು ಆ ದಿನ ಎಷ್ಟು ನೆಂಟರು ಬಂದಿದ್ದಾರೆ ಎಂಬುದರ ಮೇಲೆ ನಿಂತಿರುತ್ತಿತ್ತು. ಉಗ್ರಾಣದ ಬಾಗಿಲಲ್ಲಿ, ಹಂಡೆಯ ಪಕ್ಕದಲ್ಲಿ, ಮಕ್ಕಳ ಸಾಲಿನ ಕೊನೆಯಲ್ಲಿ ಮೈ ಮುದುಡಿಕೊಂಡು ಮಲಗುತ್ತಿದ್ದರು. ‘ನನಗೇನು, ಒಂದು ಮೂಲೆ ಇದ್ದರೆ ಸಾಕು’ ಎನ್ನುತ್ತಿದ್ದರು. ಈ ಮಾತನ್ನು ನಾವು ತ್ಯಾಗವೆಂದು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆಗೆ ಖರ್ಚಿಲ್ಲವಲ್ಲ!

ಇಷ್ಟೆಲ್ಲ ನೆನಪಾಗಲು ಕಾರಣ ಒಂದು ವಿಮಾನದ ಟಿಕೆಟ್ಟು. 2024ರ ಬೇಸಿಗೆಯಲ್ಲಿ ಮಗಳ ಸಂಸಾರ ಬೆಂಗಳೂರಿನಿಂದ ಅಮೆರಿಕದ ನ್ಯೂಜೆರ್ಸಿಗೆ ಹೊರಟಿತು. ಮನೆಯ ಸಾಮಾನೆಲ್ಲ ಹಡಗಿನಲ್ಲಿ, ಜನ ವಿಮಾನದಲ್ಲಿ. ಮೊಮ್ಮಗಳಿಗೆ ಹೊಸ ಊರು ಹೊಂದಿಕೊಳ್ಳುವವರೆಗೆ ಇರಲೆಂದು ನಾನೂ ಜೊತೆಗೆ. ಇವರು ಹೋದ ಮೇಲೆ ಶಿವಮೊಗ್ಗದ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೆನಾದ್ದರಿಂದ ನನ್ನ ಸಾಮಾನೂ ಅರ್ಧ ಮಗಳ ಮನೆಯಲ್ಲೇ ಇತ್ತು.

ಸಾಗಣೆ ಕಂಪನಿಯ ಹುಡುಗರು ಬೆಳಿಗ್ಗೆ ಎಂಟಕ್ಕೆ ಬಂದು, ಹತ್ತು ವರ್ಷದ ಸಂಸಾರವನ್ನು ಸಂಜೆ ಆರರ ಹೊತ್ತಿಗೆ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಬಿಟ್ಟರು. ಅವರ ಕೈಚಳಕ ನೋಡುವಂಥದು. ಲೋಟ ಒಂದಕ್ಕೆ ಕಾಗದ ಎರಡು ಸುತ್ತು, ಗಾಜಿನ ತಟ್ಟೆಗಳು ಯಾವಾಗಲೂ ನೆಟ್ಟಗೆ ನಿಂತೇ ಇರಬೇಕು, ಮಲಗಿಸಿದರೆ ಒಡೆಯುತ್ತವಂತೆ. ಮೇಸ್ತ್ರಿ ಮಾತ್ರ ಏನನ್ನೂ ಮುಟ್ಟದೆ ಪಟ್ಟಿ ಬರೆಯುತ್ತ ನಿಂತಿದ್ದ. ಪ್ರತಿ ಪೆಟ್ಟಿಗೆಗೂ ಒಂದು ನಂಬರು, ಒಳಗೇನಿದೆ ಎಂಬ ವಿವರ, ವಿಮೆಗಾಗಿ ಅದರ ಬೆಲೆ. ನಾನೇ ನನ್ನ ಕೈಯಾರೆ ಹಳೇ ಸೀರೆಗಳಲ್ಲಿ ಸುತ್ತಿ ಕಟ್ಟಿಟ್ಟಿದ್ದ ಉಪ್ಪಿನಕಾಯಿ ಜಾಡಿಗಳ ಪೆಟ್ಟಿಗೆಯ ಮುಂದೆ ಆತ ‘ಪಿಬಿಒ’ ಎಂದು ಬರೆದ. ಏನಪ್ಪಾ ಅದು ಎಂದು ಕೇಳಿದೆ. ಮಾಲೀಕರೇ ಕಟ್ಟಿದ್ದು ಎಂದು ಅರ್ಥವಂತೆ. ‘ಅದಕ್ಕೆ ಒಡೆದ್ರೆ ವಿಮೆ ಬರಲ್ಲಮ್ಮ. ನಾವು ಕಟ್ಟಿದ್ದಕ್ಕೆ ಮಾತ್ರ.’ ಜಾಡಿ ಖಾಲಿ ಎಂದು ನಾಲ್ಕು ಸಲ ಕೇಳಿ ಖಾತ್ರಿ ಮಾಡಿಕೊಂಡ. ತಿನ್ನುವ ಪದಾರ್ಥ ಹಡಗಿನ ಪೆಟ್ಟಿಗೆಯಲ್ಲಿದ್ದರೆ ಆ ಕಡೆ ತಕರಾರು.

ಆಮೇಲೆ ಒರಳುಕಲ್ಲು. 38 ಕೆಜಿ ತೂಗಿತು. ಅತ್ತೆಯ ಅತ್ತೆಯ ಕಾಲದ್ದು. ಮಗಳಿಗೆ ಅದು ಬೇಕೇ ಬೇಕು. ಅಳಿಯ ಮೆಲ್ಲಗೆ, ‘ಅಲ್ಲಿ ಗ್ರೈಂಡರ್ ಸಿಗುತ್ತೆ’ ಎಂದು ನೋಡಿದರು. ಮೇಸ್ತ್ರಿ ಪೆನ್ನು ಎತ್ತಿ ಹಿಡಿದು, ‘ಇದರ ಬೆಲೆ ಎಷ್ಟು ಹಾಕಲಿ?’ ಎಂದ. ಕೋಣೆಯಲ್ಲಿದ್ದ ಮೂವರಿಗೂ ಮೂರು ಬೆಲೆ ತೋಚಿರಬೇಕು. ಕೊನೆಗೆ ಆತನೇ ‘ಕಲ್ಲು, ಒಂದು, ಬಳಸಿದ್ದು’ ಎಂದು ಬರೆದು ಐನೂರು ರೂಪಾಯಿ ಹಾಕಿದ. ಸಂದಿಯಲ್ಲಿ ಒಂದು ಚೂರು ಮಣ್ಣೂ ಇರಕೂಡದು, ಅಮೆರಿಕದವರು ಬೇರೆ ದೇಶದ ಮಣ್ಣನ್ನು ಒಳಗೆ ಬಿಡುವುದಿಲ್ಲ ಎಂದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿಸಿದ. ಅದಕ್ಕೆ ಹೊಡೆದ ಮರದ ಚೌಕಟ್ಟಿಗೂ ಒಂದು ಮುದ್ರೆ. ಮರದ ಒಡಲೊಳಗೆ 56 ಡಿಗ್ರಿ ಶಾಖ ಅರ್ಧ ಗಂಟೆ ತಾಗಿರಬೇಕು, ಹುಳುಹುಪ್ಪಟೆ ಸಾಯಲಿ ಎಂದು.

ಆದರೆ ಒಂದು ನಿಯಮ ನನಗೆ ಬಹಳ ಹಿಡಿಸಿತು. ಮನೆಸಾಮಾನನ್ನು ಕನಿಷ್ಠ ಒಂದು ವರ್ಷ ಮನೆಯವರು ಬಳಸಿದ್ದರೆ ಅದಕ್ಕೆ ಅಮೆರಿಕದಲ್ಲಿ ಸುಂಕವಿಲ್ಲ. ಹೊಚ್ಚ ಹೊಸದಕ್ಕೆ ಸುಂಕ, ಸವೆದದ್ದಕ್ಕೆ ಮಾಫಿ! ಜಗತ್ತಿನಲ್ಲಿ ಸವೆತಕ್ಕೆ ಮರ್ಯಾದೆ ಕೊಡುವ ಕಾನೂನು ಇದೊಂದೇ ಇರಬೇಕು ಎಂದುಕೊಂಡೆ.

ಹಡಗಿನಲ್ಲಿ ಹೋಗುವ ಈ ಕಬ್ಬಿಣದ ಡಬ್ಬ ಹುಟ್ಟಿದ್ದೂ ನ್ಯೂಜೆರ್ಸಿಯ ಬಂದರಿನಿಂದಲೇ ಎಂದು ಅಳಿಯ ಹೇಳಿದರು. ಲಾರಿ ಕಂಪನಿ ನಡೆಸುತ್ತಿದ್ದ ಮಾಲ್ಕಮ್ ಮೆಕ್ಲೀನ್ ಎಂಬಾತ 1956ರ ಏಪ್ರಿಲ್ಲಿನಲ್ಲಿ 58 ಡಬ್ಬಗಳನ್ನು ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲಿಟ್ಟು ನ್ಯೂಆರ್ಕ್‌ನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಕೂಲಿಗಳು ಹೊತ್ತು ತುಂಬುವಾಗ ಟನ್ನಿಗೆ ಐದು ಡಾಲರಿಗಿಂತ ಹೆಚ್ಚು ಬೀಳುತ್ತಿದ್ದ ಖರ್ಚು ಹದಿನಾರು ಸೆಂಟಿಗೆ ಇಳಿಯಿತಂತೆ. ಇಪ್ಪತ್ತು ಅಡಿಯ ಡಬ್ಬದೊಳಗೆ ಹತ್ತಿರ ಹತ್ತಿರ 33 ಘನ ಮೀಟರ್ ಜಾಗ. ಅದರಲ್ಲಿ ಮಂಚ, ಬೀರು, ಪುಸ್ತಕ, ಕಲ್ಲು ಎಲ್ಲ ಒಂದರ ಮೇಲೊಂದು. ಅಲ್ಲಿ ಮೊದಲ ದರ್ಜೆ, ಎರಡನೇ ದರ್ಜೆ ಎಂಬುದಿಲ್ಲ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಅಷ್ಟೆ. ನಮ್ಮ ಡಬ್ಬ ವೈಟ್‌ಫೀಲ್ಡಿನ ಡಿಪೋದಿಂದ ರೈಲಿನಲ್ಲಿ ಚೆನ್ನೈಗೆ, ಅಲ್ಲಿಂದ ಹಡಗಿಗೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡೇ ಹೋಗಬೇಕಾಯಿತು. ವಾಸ್ಕೋ ಡ ಗಾಮ ಬಂದ ದಾರಿಯಲ್ಲಿ ನಮ್ಮ ಒರಳುಕಲ್ಲು ವಾಪಸು ಹೊರಟಿತು ಅನ್ನಿ.

ಸಾಮಾನು ಹೋದ ಮೇಲೆ ಬೋಳು ಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಾಗ ಮಗಳು ಟಿಕೆಟ್ಟಿನ ಕಾಗದ ಮುಂದಿಟ್ಟಳು. ಅವರು ಮೂವರಿಗೆ ಸಾಮಾನ್ಯ ದರ್ಜೆ. ನನಗೊಬ್ಬಳಿಗೆ ಮೊದಲ ದರ್ಜೆ, ದುಬೈಯಲ್ಲಿ ಬದಲಾಯಿಸಿ ನ್ಯೂಯಾರ್ಕಿನವರೆಗೂ.

‘ನಿನಗೇನು ಹುಚ್ಚೇನೇ?’ ಎಂದೆ.

‘ದುಡ್ಡು ಕೊಟ್ಟಿಲ್ಲಮ್ಮ. ಮೈಲಿ ಇತ್ತು. ಒಬ್ಬರಿಗಾಗುವಷ್ಟೇ ಇತ್ತು.’

ಈ ಮೈಲಿಯ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿಮಾನದಲ್ಲಿ ಓಡಾಡಿದಷ್ಟೂ ಅಂಕ ಸೇರುತ್ತವೆ, ಸಾಕಷ್ಟು ಸೇರಿದರೆ ಟಿಕೆಟ್ಟು ಸಿಗುತ್ತದೆ. 1981ರಲ್ಲಿ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಶುರುಮಾಡಿದ ವ್ಯವಸ್ಥೆ ಇದು. ಪುಕ್ಕಟೆ ಎನ್ನುತ್ತಾರೆ. ಪುಕ್ಕಟೆ ಹೇಗಾದೀತು? ಆಫೀಸಿನ ಕೆಲಸಕ್ಕೆಂದು ಮಗಳು ಮನೆ ಬಿಟ್ಟು ಹೋದ ರಾತ್ರಿಗಳ ಮೊತ್ತ ಅದು. ಆ ರಾತ್ರಿಗಳಲ್ಲಿ ಅಮ್ಮ ಬೇಕೆಂದು ಅತ್ತ ಮಗುವನ್ನು ಭುಜಕ್ಕೆ ಹಾಕಿಕೊಂಡು ತಿರುಗಿದವಳು ನಾನು. ಹಾಗೆ ನೋಡಿದರೆ ಅದರಲ್ಲಿ ನನ್ನ ದುಡಿಮೆಯೂ ಇದೆ, ನಾನು ಅರ್ಹಳೇ ಎಂದು ಒಂದು ವಾದ ಹೂಡಬಹುದು. ಹೂಡಿ ನೋಡಿದೆ. ಆದರೆ ಆ ವಾದ ಅಲ್ಲಿಗೇ ನಿಲ್ಲುವುದಿಲ್ಲ. ನನಗೆ ನಡು ಹಿಡಿದ ದಿನಗಳಲ್ಲಿ ಮಗುವನ್ನು ನೋಡಿಕೊಂಡವಳು ಮನೆಗೆಲಸದಾಕೆ. ಅವಳು ಬೆಳಿಗ್ಗೆ ಆರಕ್ಕೆ ಬರಲೆಂದು ತನ್ನ ತಂಗಿಗೆ ಅಡಿಗೆ ಒಪ್ಪಿಸಿದವಳು ಅವಳ ಹತ್ತು ವರ್ಷದ ಮಗಳು. ಇವರಿಗೆಲ್ಲ ಎಷ್ಟೆಷ್ಟು ಮೈಲಿ? ಅರ್ಹತೆಯ ದಾರದ ಒಂದು ತುದಿ ಹಿಡಿದು ಎಳೆದರೆ ಇಡೀ ಬಟ್ಟೆಯೇ ಬಿಚ್ಚಿಕೊಂಡು ಬರುತ್ತದೆ.

ಹಾಗಾದರೆ ಬೇಡ ಎನ್ನಬೇಕಿತ್ತೇ? ಬೇಡ ಎನ್ನುವುದು ನಮಗೆ, ಅಂದರೆ ನನ್ನ ವಯಸ್ಸಿನ ಹೆಂಗಸರಿಗೆ, ಬಹಳ ಸುಲಭ. ಹೋಳಿಗೆ ಬಡಿಸಲು ಬಂದರೆ ಮೊದಲು ಎಲೆಗೆ ಕೈ ಅಡ್ಡ ಬರುತ್ತದೆ, ಆಮೇಲೆ ಬಾಯಿಗೆ ನೀರು. ಆದರೆ ಇಲ್ಲದ್ದನ್ನು ಬಿಡಲು ಬರುವುದಿಲ್ಲ. ಗಾಂಧೀಜಿಯ ವಿಷಯವನ್ನೇ ನೋಡಿ. ಮೂರನೇ ದರ್ಜೆಯಲ್ಲಿ ಓಡಾಡಿದ ಮಹಾತ್ಮ ಎಂದು ನಾವು ನೆನೆಯುತ್ತೇವೆ, ಅವರು 1917ರಲ್ಲಿ ಮೂರನೇ ದರ್ಜೆಯ ಹೊಲಸನ್ನು ಕುರಿತು ಬರೆದದ್ದೂ ನಿಜ. ಆದರೆ ಅದಕ್ಕೂ ಮೊದಲು, 1893ರಲ್ಲಿ, ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಮೊದಲ ದರ್ಜೆಯ ಟಿಕೆಟ್ಟು ಹಿಡಿದು, ಇಲ್ಲಿಂದ ನಾನಾಗಿ ಏಳುವುದಿಲ್ಲ ಎಂದು ಕೂತವರು ಅವರೇ. ಹೊರಗೆ ತಳ್ಳಿದರು. ಸಾಮಾನು ರೈಲಿನವರ ವಶಕ್ಕೆ ಹೋಯಿತು. ಮೇಲಂಗಿ ಅದರೊಳಗೆ. ಕೇಳಿದರೆ ಮತ್ತೆ ಅವಮಾನ ಮಾಡಿಯಾರೆಂದು ಕೇಳದೆ ಆ ಚಳಿಯ ರಾತ್ರಿ ನಡುಗುತ್ತ ಕಳೆದರು. ಮೊದಲ ದರ್ಜೆ ನನ್ನದು ಎಂದು ಹಟ ಹಿಡಿದವರೇ ಮುಂದೆ ಅದನ್ನು ಬಿಟ್ಟದ್ದು. ನಮ್ಮ ಅತ್ತೆಗೆ ಹಾಗೆ ಬಿಡಲು ಏನಿತ್ತು? ಅವರದನ್ನು ತ್ಯಾಗ ಎನ್ನುವಾಗ ನನಗೆ ಇತ್ತೀಚೆಗೆ ನಾಲಗೆ ತಡವರಿಸುತ್ತದೆ.

ನಾನು ಟಿಕೆಟ್ಟು ತೆಗೆದುಕೊಂಡೆ.

ದೇವನಹಳ್ಳಿಯ ನಿಲ್ದಾಣದಲ್ಲಿ ನನಗೆ ಬೇರೆಯೇ ಸಾಲು. ಸಾಲೆಂದರೆ ನಾನೊಬ್ಬಳೇ. ನನಗೆ ತಲಾ 32 ಕೆಜಿಯ ಎರಡು ಪೆಟ್ಟಿಗೆ, ಮಗಳಿಗೆ ತಲಾ 23ರ ಎರಡು. ಹೆಚ್ಚು ಕೊಟ್ಟವರ ಮೈ ಹೆಚ್ಚು ಜಾಗ ಹಿಡಿಯುವುದು ಸರಿ, ಅವರ ಸೀರೆಯೂ ಹೆಚ್ಚು ತೂಗುತ್ತದೆಯೇನೋ! ನನ್ನವು ಎರಡೂ ಸೇರಿ 41 ಆಯಿತು. ಪಕ್ಕದ ಸಾಲಿನಲ್ಲಿ ಮಗಳ ಸರದಿ ಬರಲೆಂದು ಹೋಗಿ ನಿಂತೆ. ಅವಳ ಮುಂದೆ ಮುಳಬಾಗಿಲು ಕಡೆಯ ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಕುವೈತಿನಲ್ಲಿ ಮನೆಗೆಲಸವಂತೆ, ರಜ ಮುಗಿಸಿ ವಾಪಸು. ಅವಳಿಗೆ 30 ಕೆಜಿ, ಚೀಲ ತೂಗಿದ್ದು 34. ಪಕ್ಕಕ್ಕೆ ಸರಿದು ನೆಲದ ಮೇಲೆ ಚೀಲ ಬಿಚ್ಚಿದಳು. ಸ್ವೆಟರ್ ತೆಗೆದು ಹಾಕಿಕೊಂಡಳು, ಅದರ ಮೇಲೆ ಇನ್ನೊಂದು. ಹುರಿಹಿಟ್ಟಿನ ಪೊಟ್ಟಣ ಕೈಚೀಲಕ್ಕೆ. ಇನ್ನೂ ಎರಡು ಕೆಜಿ ಹೆಚ್ಚೇ.

ನನ್ನ ಲೆಕ್ಕದಲ್ಲಿ 23 ಕೆಜಿ ಸುಮ್ಮನೆ ಬಿದ್ದಿತ್ತು. ಬಾಯಿ ತೆರೆಯುವಷ್ಟರಲ್ಲಿ ಮಗಳು ತೋಳು ಹಿಡಿದಳು. ‘ಅಮ್ಮಾ, ಬೇರೆಯವರ ಸಾಮಾನು ತಗೋಬಾರದು.’ ಅವಳು ಹೇಳಿದ್ದು ಸರಿಯೇ. ಯಾರೋ ಕೊಟ್ಟ ಗಂಟು ಹೊತ್ತು ಜೈಲು ಸೇರಿದವರ ಸುದ್ದಿ ನಾವೆಲ್ಲ ಓದಿದ್ದೇವೆ. ನಂಬಬಾರದು ಎಂಬುದೇ ಅಲ್ಲಿನ ಕಾನೂನು, ಅದಕ್ಕೆ ಕಾರಣವೂ ಇದೆ. ಆದರೂ ಕಣ್ಣೆದುರಿಗೆ ಇಷ್ಟು ಚೊಕ್ಕವಾಗಿ ಲೆಕ್ಕ ಸರಿಹೋಗುವಂತಿದ್ದಾಗ ಸುಮ್ಮನೆ ನಿಲ್ಲುವುದು ಒಂದು ತರಹದ ಕಷ್ಟ. ಆ ಹೆಂಗಸು ನಮ್ಮ ಕಡೆ ನೋಡಲೂ ಇಲ್ಲ. ಎರಡು ಕೆಜಿ ರಾಗಿಹಿಟ್ಟನ್ನು ತೆಗೆದು, ಅಲ್ಲೇ ನೆಲ ಒರೆಸುತ್ತಿದ್ದವಳನ್ನು ಕರೆದು, ‘ತಕ್ಕೋ ಅಕ್ಕ, ಮುದ್ದೆ ಮಾಡ್ಕೊಂಡು ತಿನ್ನು’ ಎಂದು ಕೊಟ್ಟು, ಚೀಲ ಎತ್ತಿ ಮತ್ತೆ ತಕ್ಕಡಿಗೆ ಇಟ್ಟಳು. ಕೊಡುವುದಕ್ಕೆ ಅವಳಿಗೆ ಅರ್ಧ ನಿಮಿಷ ಹಿಡಿಯಲಿಲ್ಲ.

ಇನ್ನು ಒಳಗಿನ ವೈಭವ. ದುಬೈಯಿಂದ ಮುಂದೆ ಎರಡು ಅಂತಸ್ತಿನ ದೊಡ್ಡ ವಿಮಾನ, ಏರ್‌ಬಸ್ ಎ380. 2007ರಿಂದ ಜನರನ್ನು ಹೊತ್ತು ಹಾರುತ್ತಿರುವ ಈ ಜಾತಿಯನ್ನು 2021ರ ನಂತರ ಹೊಸದಾಗಿ ಮಾಡುತ್ತಿಲ್ಲ. ಮಹಡಿಯ ಮುಂಭಾಗದಲ್ಲಿ ಬಾಗಿಲಿರುವ 14 ಪುಟ್ಟ ಕೋಣೆಗಳು, ಕೆಳಗೆ ಇಡೀ ಉದ್ದಕ್ಕೆ ನಾಲ್ಕುನೂರರಷ್ಟು ಸೀಟು. ಖರ್ಜೂರ, ಏಲಕ್ಕಿ ಹಾಕಿದ ಅರಬ್ಬೀ ಕಾಫಿ, ಉಡಲು ಪೈಜಾಮ, ಕಾಲಿಗೆ ಮೆತ್ತನೆ ಚಪ್ಪಲಿ. ಮೀನಿನ ಮೊಟ್ಟೆ ಬೇಡವೆಂದೆ, ಬೇಳೆ ಸಾರು ಬಂತು, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ. ಊಟಕ್ಕೆ ಹೊತ್ತಿಲ್ಲ, ಹಸಿದಾಗ ಕೇಳಿದರಾಯಿತು. ಹಸಿದಾಗ ಕೇಳುವುದು! ನಲವತ್ತು ವರ್ಷ ಎಲ್ಲರ ಎಲೆ ಎತ್ತಿದ ಮೇಲೆ ಹಸಿದವಳಿಗೆ ಅದು ಹೊಸ ಪಾಠವೇ. ಇದ್ದುದರಲ್ಲಿ ಮುಜುಗರವಾದದ್ದು ಒಂದಕ್ಕೆ. ಆ ಪರಿಚಾರಿಕೆ ಹುಡುಗಿ, ಮಗಳಿಗಿಂತ ಚಿಕ್ಕವಳು, ಮಾತಾಡಿಸಬೇಕಾದಾಗಲೆಲ್ಲ ನನ್ನ ಸೀಟಿನ ಪಕ್ಕ ಮಂಡಿಯೂರುತ್ತಿದ್ದಳು. ಹಾಗೆ ಮಾಡಬೇಡಮ್ಮ ಎಂದರೆ ನಗುತ್ತಿದ್ದಳು. ಅದು ಅವಳ ಕೆಲಸದ ಭಾಗ, ನನ್ನ ಮುಜುಗರದಿಂದ ಅವಳ ಮಂಡಿಗೇನೂ ಉಪಯೋಗವಿಲ್ಲ.

ಸ್ನಾನವೂ ಉಂಟು. ಸಮುದ್ರದ ಮೇಲೆ, ಮುಗಿಲಿನ ಮೇಲೆ, ಐದು ನಿಮಿಷದ ಬಿಸಿನೀರು. ನೀರಿಗೂ ತೂಕವಿದೆಯಲ್ಲ, ಅದಕ್ಕೇ ಐದೇ ನಿಮಿಷ. ಗೋಡೆಯ ಮೇಲೆ ದೀಪ ಹಸಿರಿನಿಂದ ಕೆಂಪಿಗೆ ಇಳಿಯುವುದನ್ನು ನೋಡುತ್ತ ಮಿಂದೆ. ಹಂಡೆಯ ನೀರು ಗಂಡಸರಿಗೆ, ಮಕ್ಕಳಿಗೆ ಆಗಿ ತಳದಲ್ಲಿ ಉಳಿದ ಉಗುರುಬೆಚ್ಚಗಿನ ಎರಡು ತಂಬಿಗೆಯಲ್ಲಿ ಮುಗಿಸಿ ಅಭ್ಯಾಸವಿದ್ದವಳಿಗೆ ಐದು ನಿಮಿಷ ಧಾರಾಳವೇ ಆಯಿತು.

ಹಾಸಿಗೆ ಬಿಡಿಸಿಕೊಟ್ಟರು. ಆರಡಿಗಿಂತ ಸ್ವಲ್ಪ ಹೆಚ್ಚು. ನೋಡಿ, ಅಷ್ಟು ದೊಡ್ಡ ಶ್ರೀಮಂತಿಕೆಯೂ ಕೊನೆಗೆ ಕೊಡುವುದು ಟಾಲ್‌ಸ್ಟಾಯ್ ಹೇಳಿದಷ್ಟನ್ನೇ. ಮೈ ಚಾಚಲು ಜಾಗ. ನಾನದನ್ನು ಹಗುರಾಗಿ ಹೇಳುತ್ತಿಲ್ಲ. ವಿಮಾನವೆಂಬುದು ಒಂದು ಕೊಳವೆ, ಅದರ ಅಳತೆ ಹಿಗ್ಗುವುದಿಲ್ಲ. ದೂರದ ಹಾರಾಟದಲ್ಲಿ ಮೊದಲ ದರ್ಜೆಯ ಒಬ್ಬರ ಪಾಲಿಗೆ ಬೀಳುವ ಇಂಧನದ ಹೊಗೆ ಸಾಮಾನ್ಯ ದರ್ಜೆಯವರ ಸುಮಾರು ನಾಲ್ಕರಷ್ಟು ಎಂದು ಬ್ರಿಟನ್ ಸರ್ಕಾರ ಲೆಕ್ಕ ಹಾಕುತ್ತದೆ, ಕಾರಣ ಬೇರೇನೂ ಅಲ್ಲ, ಅವರು ಹಿಡಿಯುವ ಜಾಗ. ಒಬ್ಬಳು ಕಾಲು ಚಾಚಿದಳೆಂದರೆ ಕೆಳಗೆ ನಾಲ್ವರು ಮಡಚಿದ್ದಾರೆ ಎಂದೇ ಅರ್ಥ. ಆ ನಾಲ್ವರಲ್ಲಿ ಮೂವರು ನನ್ನವರು.

ನಿದ್ದೆ ಹತ್ತಲಿಲ್ಲ. ಎದ್ದು ಮೆಟ್ಟಿಲ ಹತ್ತಿರ ಬಂದೆ. ಮೇಲಿನವರು ಕೆಳಗೆ ಹೋಗಬಹುದು, ಕೆಳಗಿನವರು ಮೇಲೆ ಬರುವಂತಿಲ್ಲ. ಕತ್ತಲಲ್ಲಿ ಸಾಲು ಸಾಲು ತಲೆಗಳು, ಒಂದೊಂದು ಒಂದೊಂದು ಕಡೆ ವಾಲಿದ್ದವು. ಒಂದು ಸೀಟಿಗೂ ಮುಂದಿನದಕ್ಕೂ 32 ಅಂಗುಲ. ಅಳಿಯ ಕತ್ತು ಮುರಿದಂತೆ ಮಲಗಿದ್ದರು. ಮೊಮ್ಮಗಳ ತಲೆ ಅಪ್ಪನ ತೊಡೆಯ ಮೇಲೆ, ಕಾಲು ಅಮ್ಮನ ಹೊಟ್ಟೆಯ ಮೇಲೆ. ಮಗಳು ಕಣ್ಣು ಬಿಟ್ಟಳು.

‘ಎದ್ದೇಳು. ಎರಡು ಗಂಟೆ ನನ್ನ ಹಾಸಿಗೆಯಲ್ಲಿ ಮಲಗಿ ಬಾ. ಪಾಪು ಹತ್ತಿರ ನಾನು ಕೂತಿರ್ತೀನಿ.’

‘ಅವರು ಬಿಡಲ್ಲಮ್ಮ.’

‘ಕೇಳ್ತೀನಿ ನಾನು.’

‘ಬಿಟ್ಟರೂ ನಾನು ಹೋಗಲ್ಲ. ನೀನು ಅಲ್ಲಿ ಕಾಲು ಚಾಚಿಕೊಂಡು ಮಲಗಿದ್ದೀಯ ಅಂತ ನೆನೆಸಿಕೊಂಡೇ ನನಗಿಲ್ಲಿ ನಿದ್ದೆ ಬರ್ತಿದೆ. ಅದನ್ನೂ ಕೆಡಿಸಬೇಡ.’

ನಾನು ಮೆಟ್ಟಿಲು ಹತ್ತಿ ವಾಪಸು ಬಂದೆ. ಒಬ್ಬರ ಸುಖ ಇನ್ನೊಬ್ಬರಿಗೆ ನಿದ್ದೆಯಾಗುತ್ತದೆ ಎಂಬುದು ಸುಳ್ಳಲ್ಲ, ತಾಯಂದಿರಿಗೆ ಇದು ಗೊತ್ತು. ಮಗು ಉಂಡರೆ ನಮ್ಮ ಹೊಟ್ಟೆ ತುಂಬುವುದು ಹೀಗೆಯೇ. ಆದರೆ ಇದೇ ಮಾತನ್ನು ಅಪಾಯದ ಕಡೆಗೂ ತಿರುಗಿಸಬಹುದು. ಧಣಿಗಳು ಸುಖವಾಗಿದ್ದರೆ ನಮಗೆ ಸಂತೋಷ ಎಂದು ಒಕ್ಕಲುಗಳ ಬಾಯಲ್ಲಿ ಎಷ್ಟು ಕಾಲ ಹೇಳಿಸಿಲ್ಲ ನಾವು? ‘ನನಗೊಂದು ಮೂಲೆ ಸಾಕು’ ಎಂದು ಅತ್ತೆಯ ಬಾಯಲ್ಲಿ ಹೇಳಿಸಲಿಲ್ಲವೇ? ಮಗಳು ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅವಳು ಆ ಹಾಸಿಗೆಯನ್ನು ತಾನೇ ಇಟ್ಟುಕೊಳ್ಳಬಹುದಿತ್ತು. ಅವಳದಾಗಿತ್ತು, ಕೊಟ್ಟಳು. ಕೊಟ್ಟದ್ದನ್ನು ಮುದುಡಿ ಮಲಗಿ ಹಾಳು ಮಾಡುವ ಹಕ್ಕು ನನಗಿಲ್ಲ. ಆದರೆ ಮುಳಬಾಗಿಲಿನ ಆ ಹೆಂಗಸು ಬೆಂಗಳೂರಿನಿಂದ ದುಬೈವರೆಗೆ ನನ್ನ ಹಿಂದೆಯೇ ಎಲ್ಲೋ ಎರಡು ಸ್ವೆಟರ್ ತೊಟ್ಟು ಕೂತಿದ್ದಳಲ್ಲ, ಅವಳು ನನಗೆ ಏನನ್ನೂ ಕೊಟ್ಟಿರಲಿಲ್ಲ. ಅವಳ ಪಾಲಿನದನ್ನು ನಾನು ಯಾವ ಲೆಕ್ಕದಲ್ಲಿ ಹಿಡಿದಿದ್ದೆ? ಈ ಪ್ರಶ್ನೆಗೆ ಮೈಲಿಯೂ ಪ್ರೀತಿಯೂ ಎರಡೂ ಉತ್ತರವಲ್ಲ.

ಆಮೇಲೆ ನಿದ್ದೆ ಬಂತು. ಚೆನ್ನಾಗಿಯೇ ಬಂತು, ಏಳು ಗಂಟೆ. ಮೊದಲ ಸಲ ಕಾಲು ಊದಿಕೊಳ್ಳದೆ ಅಮೆರಿಕದಲ್ಲಿ ಇಳಿದೆ. ಕೆಳಗಿನಿಂದ ಬಂದ ಮಗಳ ಕಾಲು ಚಪ್ಪಲಿಗೆ ಹೋಗುತ್ತಿರಲಿಲ್ಲ.

ಸಾಮಾನು ಬಂದದ್ದು ಹತ್ತು ವಾರದ ಮೇಲೆ. ಅಷ್ಟು ದಿನವೂ ನಾವು ನಾಲ್ವರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಮಲಗಿದ್ದೆವು, ಆರು ಕೋಣೆಯ ಮನೆಯಲ್ಲಿ. ಅಲ್ಲಿನ ಕೆಲಸದವರು ಪೆಟ್ಟಿಗೆಗಳನ್ನು ಇಳಿಸಿ ನಂಬರು ಕೂಗುತ್ತಿದ್ದಂತೆ ಅಳಿಯ ಪಟ್ಟಿಯಲ್ಲಿ ಗೆರೆ ಹಾಕಿದರು. ಗಾಜಿನ ತಟ್ಟೆಗಳಲ್ಲಿ ಎರಡು ಒಡೆದಿದ್ದವು, ವಿಮೆಗೆ ಬರೆದು ಹಾಕಿದೆವು. ಜಾಡಿಗಳು ನನ್ನ ಹಳೇ ಸೀರೆಗಳೊಳಗೆ ಬೆಚ್ಚಗಿದ್ದವು. ಕಲ್ಲನ್ನು ಇಬ್ಬರು ಆಳೆತ್ತರದ ಗಂಡಸರು ಎತ್ತಿ ತಂದು, ಮರದ ನೆಲ ಕುಸಿದೀತೆಂದು ಒಳಗೆ ಇಡಲು ಒಪ್ಪದೆ ಗ್ಯಾರೇಜಿನಲ್ಲಿ ಇಳಿಸಿದರು. ಇದು ಯಾವುದಕ್ಕೆ ಎಂದು ಒಬ್ಬ ಕೇಳಿದ. ಮಗಳು ವಿವರಿಸಿದಳು. ಆತ ಗುಂಡುಕಲ್ಲನ್ನು ಒಂದು ಸುತ್ತು ತಿರುಗಿಸಿ ನೋಡಿ, ತನ್ನ ಅಜ್ಜಿಯ ಮನೆಯಲ್ಲಿ ಮೆಕ್ಸಿಕೋದಲ್ಲಿ ಜೋಳ ಅರೆಯುವ ಕಲ್ಲೊಂದಿತ್ತು, ಬರುವಾಗ ಬಿಟ್ಟು ಬಂದೆವು ಎಂದ. ಆಮೇಲೆ ಮುಂದಿನ ಪೆಟ್ಟಿಗೆಯ ನಂಬರು ಕೂಗಿದ.